ಊರಿಗೆ ದುಡ್ಡು ಕಳಿಸಲು ಯಾವ ಮೊಬೈಲ್ ವ್ಯಾಲೆಟ್? ಮೊದಲು ಪಡೆಯುವವರನ್ನು ಕೇಳಿ

ವ್ಯಾಲೆಟ್ ಆರಿಸುವಾಗ ನಾವೆಲ್ಲ ನಮ್ಮ ಫೋನನ್ನಷ್ಟೇ ನೋಡುತ್ತೇವೆ. ಯಾವ ಆ್ಯಪ್ ಸುಲಭ, ಯಾವುದರಲ್ಲಿ ಕ್ಯಾಶ್‌ಬ್ಯಾಕ್ ಜಾಸ್ತಿ, ಅಷ್ಟೇ. ಬಿಲ್ ಕಟ್ಟಲು, ಅಂಗಡಿಯಲ್ಲಿ ಕೊಡಲು ಮಾತ್ರ ಬೇಕಿದ್ದರೆ ಅದು ಸಾಕು. ಆದರೆ ದೂರದಲ್ಲಿರುವ ಮನೆಯವರಿಗೆ ತಿಂಗಳಾ ತಿಂಗಳಾ ಕಳಿಸಬೇಕಾದರೆ ಲೆಕ್ಕವನ್ನು ಆ ಕಡೆಯಿಂದಲೇ ಶುರು ಮಾಡಬೇಕು. ದುಡ್ಡು ಬೇಕಾಗಿರುವುದು ಅವರ ಕೈಗೆ, ಅಲ್ವಾ?

ಹಾಗಾಗಿ ಆ್ಯಪ್ ಹಾಕಿಕೊಳ್ಳುವ ಮೊದಲು ಅವರಿಗೆ ಫೋನ್ ಮಾಡಿ. ಅವರ ಹತ್ತಿರ ಯಾವ ಫೋನಿದೆ, ಇಂಟರ್ನೆಟ್ ಸಿಗುತ್ತದಾ, ನಗದು ತೆಗೆಯಲು ಏಜೆಂಟ್ ಎಷ್ಟು ದೂರ, ಅಲ್ಲಿ ಹೋದಾಗ ಕಾಸು ಇರುತ್ತದಾ ಅಂತ ಕೇಳಿ. ಕೊನೆಯ ಪ್ರಶ್ನೆ ಯಾರೂ ಕೇಳುವುದಿಲ್ಲ. ಸಣ್ಣ ಏಜೆಂಟ್‌ಗಳ ಹತ್ತಿರ, ಅದರಲ್ಲೂ ಎಲ್ಲರಿಗೂ ಸಂಬಳ ಬರುವ ದಿನಗಳಲ್ಲಿ, ನಗದು ಖಾಲಿಯಾಗುವುದು ಮಾಮೂಲು. ವ್ಯಾಲೆಟ್‌ನಲ್ಲಿ ದುಡ್ಡಿದ್ದೂ ಕೈಗೆ ಸಿಗದಿದ್ದರೆ ಏನು ಪ್ರಯೋಜನ? ಕೀಪ್ಯಾಡ್ ಫೋನ್ ಇದ್ದವರಿಗೂ ದಾರಿಯಿದೆ. ಕೀನ್ಯಾದಲ್ಲಿ 2007ರಲ್ಲಿ ಶುರುವಾದ ಎಂ-ಪೆಸಾ ಅನ್ನುವ ಮೊಬೈಲ್ ವ್ಯಾಲೆಟ್ ಮನೆಮಾತಾಗಿದ್ದೇ ಸ್ಮಾರ್ಟ್‌ಫೋನ್ ಇಲ್ಲದೆ, ಇಂಟರ್ನೆಟ್ ಇಲ್ಲದೆ. ಈಗಲೂ ಹಲವು ವ್ಯಾಲೆಟ್‌ಗಳು ಸ್ಟಾರ್‌ನಿಂದ ಶುರುವಾಗಿ ಹ್ಯಾಶ್‌ನಲ್ಲಿ ಮುಗಿಯುವ ಕೋಡ್ ಒತ್ತಿದರೆ ಕೆಲಸ ಮಾಡುತ್ತವೆ. ಪಡೆಯುವವರು ವಯಸ್ಸಾದವರಾದರೆ ಇದನ್ನೇ ಮೊದಲು ನೋಡಿ.

ಇನ್ನು ಖರ್ಚಿನ ವಿಷಯ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಏಕೆಂದರೆ ಜಾಸ್ತಿ ದುಡ್ಡು ಸೋರುವುದು ಇಲ್ಲೇ.

ಬೇರೆ ದೇಶಕ್ಕೆ ಕಳಿಸುವಾಗ ಕಂಪನಿಗಳು ಎರಡು ಕಡೆ ದುಡ್ಡು ತೆಗೆಯುತ್ತವೆ. ಒಂದು ಶುಲ್ಕ, ಅದು ಕಾಣುತ್ತದೆ. ಇನ್ನೊಂದು ವಿನಿಮಯ ದರದೊಳಗೆ ಇರುತ್ತದೆ, ಕಾಣುವುದಿಲ್ಲ. ಒಂದು ವ್ಯಾಲೆಟ್ ಶೇ. 1 ಶುಲ್ಕ ಹಾಕಿ ಮಾರುಕಟ್ಟೆಯ ದರವನ್ನೇ ಕೊಡುತ್ತದೆ, ಇನ್ನೊಂದು ‘ಶುಲ್ಕವೇ ಇಲ್ಲ’ ಅಂತ ದೊಡ್ಡದಾಗಿ ಬರೆದು ದರದಲ್ಲಿ ಶೇ. 3 ಕಡಿಮೆ ಕೊಡುತ್ತದೆ ಅಂದುಕೊಳ್ಳಿ. 10,000 ಕಳಿಸಿದರೆ ಮೊದಲನೆಯದರಲ್ಲಿ ಹೋಗುವುದು 100. ಶುಲ್ಕವಿಲ್ಲದ್ದರಲ್ಲಿ 300! ಅದಕ್ಕೇ ನಾನು ಹೇಳುವುದು, ಶುಲ್ಕದ ಅಂಕಿ ಹೋಲಿಸಬೇಡಿ. ಒಂದೇ ಮೊತ್ತವನ್ನು ಒಂದೇ ದಿನ, ಒಂದೇ ಹೊತ್ತಿನಲ್ಲಿ ಎರಡು ಮೂರು ಆ್ಯಪ್‌ಗಳಲ್ಲಿ ಹಾಕಿ, ಆ ಕಡೆ ಎಷ್ಟು ತಲುಪುತ್ತದೆ ಅನ್ನುವ ಅಂಕಿಯನ್ನು ಮಾತ್ರ ನೋಡಿ. ಆಮೇಲೆ ಅದರಲ್ಲಿ ನಗದು ತೆಗೆಯುವ ಶುಲ್ಕ ಕಳೆಯಿರಿ. ಈ ಶುಲ್ಕ ಪಡೆಯುವವರ ತಲೆಗೇ ಬರುತ್ತದೆ, ಪಾಪ, ಎಷ್ಟೋ ಸಲ ಅವರು ನಮಗೆ ಹೇಳುವುದೂ ಇಲ್ಲ. ಕ್ರೆಡಿಟ್ ಕಾರ್ಡ್‌ನಿಂದ ವ್ಯಾಲೆಟ್ ತುಂಬಿಸಿದರೆ ಇನ್ನೊಂದು ಶುಲ್ಕ ಬೀಳಬಹುದು, ಆದಷ್ಟು ಬ್ಯಾಂಕ್ ಖಾತೆಯಿಂದಲೇ ತುಂಬಿಸಿ.

ವಿಶ್ವಬ್ಯಾಂಕ್ 200 ಡಾಲರ್ ಕಳಿಸಲು ಯಾವ ದೇಶದಿಂದ ಯಾವ ದೇಶಕ್ಕೆ ಎಷ್ಟು ಖರ್ಚಾಗುತ್ತದೆ ಅಂತ ಲೆಕ್ಕ ಇಟ್ಟು ಎಲ್ಲರಿಗೂ ಸಿಗುವಂತೆ ಹಾಕುತ್ತದೆ. ಜಗತ್ತಿನ ಸರಾಸರಿ ಈಚಿನ ವರ್ಷಗಳಲ್ಲೂ ಶೇ. 6ಕ್ಕಿಂತ ಮೇಲೆಯೇ ಇದೆ. 2030ರ ಹೊತ್ತಿಗೆ ಇದನ್ನು ಶೇ. 3ರೊಳಗೆ ತರಬೇಕು ಅನ್ನುವುದು ವಿಶ್ವಸಂಸ್ಥೆಯ ಗುರಿ. ನಿಮ್ಮ ಒಟ್ಟು ಖರ್ಚು ಶೇ. 3 ದಾಟುತ್ತಿದ್ದರೆ ಬೇರೆ ವ್ಯಾಲೆಟ್ ಹುಡುಕಿ ನೋಡಿ.

ಆಮೇಲೆ ಲೈಸೆನ್ಸ್. ಕಂಪನಿ ಕೆಲಸ ಮಾಡುವ ದೇಶದ ಕೇಂದ್ರ ಬ್ಯಾಂಕ್ ಅಥವಾ ಹಣಕಾಸು ನಿಯಂತ್ರಕರ ಪಟ್ಟಿಯಲ್ಲಿ ಕಂಪನಿಯ ಹೆಸರು ಇಲ್ಲದಿದ್ದರೆ, ದರ ಎಷ್ಟೇ ಚೆನ್ನಾಗಿದ್ದರೂ ಬೇಡ. ಪಟ್ಟಿಯಲ್ಲಿದ್ದರೂ ವ್ಯಾಲೆಟ್‌ನಲ್ಲಿರುವ ದುಡ್ಡಿಗೆ ಬ್ಯಾಂಕ್ ಠೇವಣಿಗೆ ಇರುವಂಥ ವಿಮೆ ಬಹಳಷ್ಟು ದೇಶಗಳಲ್ಲಿ ನೇರವಾಗಿ ಸಿಗುವುದಿಲ್ಲ. ಹಾಗಾಗಿ ಉಳಿತಾಯವನ್ನೆಲ್ಲ ಅಲ್ಲೇ ಇಡಬೇಡಿ. ಕೆವೈಸಿ ಪೂರ್ತಿ ಮಾಡಿಸಿಕೊಳ್ಳಿ, ಇಬ್ಬರೂ. ಅರ್ಧ ಕೆವೈಸಿ ಖಾತೆಗೆ ಮಿತಿ ಕಡಿಮೆ ಇರುತ್ತದೆ, ಆಸ್ಪತ್ರೆಗೆ ಅಂತ ತುರ್ತಾಗಿ ದೊಡ್ಡ ಮೊತ್ತ ಕಳಿಸುವ ದಿನವೇ ಅದು ಅಡ್ಡ ಬಂದರೆ ಆ ಹೊತ್ತಿನಲ್ಲಿ ದಾಖಲೆ ಹುಡುಕಿ, ಫೋಟೋ ತೆಗೆದು, ಒಪ್ಪಿಗೆಗೆ ಕಾಯುತ್ತಾ ಕೂರಬೇಕಾಗುತ್ತದೆ.

ದಿನದ ಪಾವತಿಗೆ ನೋಡಬೇಕಾದ್ದು ಎರಡೇ. ನೀವು ಹೋಗುವ ಕಡೆ ಅದನ್ನು ತೆಗೆದುಕೊಳ್ಳುತ್ತಾರಾ, ಬೇರೆ ವ್ಯಾಲೆಟ್‌ಗೂ ಬ್ಯಾಂಕಿಗೂ ಅದರಿಂದ ನೇರವಾಗಿ ಕಳಿಸಬಹುದಾ. ಎಲ್ಲಕ್ಕೂ ಒಂದೇ ಆ್ಯಪ್ ಇರಬೇಕು ಅಂತ ಹಟ ಬೇಡ.

ನಿಮ್ಮ ನಂಬರ್ ಯಾರೋ ಬೇರೆ ಸಿಮ್‌ಗೆ ಮಾಡಿಸಿಕೊಂಡರೆ ಒಟಿಪಿ ಅವರಿಗೇ ಹೋಗುತ್ತದೆ. ಆದ್ದರಿಂದ ಒಟಿಪಿ ಜೊತೆಗೆ ಬೇರೆ ಪಿನ್ ಕೇಳುವ ವ್ಯಾಲೆಟ್ ಒಳ್ಳೆಯದು. ಪಿನ್ ಯಾರಿಗೂ ಹೇಳಬಾರದು, ಏಜೆಂಟ್‌ಗೂ ಅಷ್ಟೇ. ಮನೆಯ ಹಿರಿಯರಿಗೆ ಇದನ್ನು ಸಿಟ್ಟು ಮಾಡದೆ ಕೂತು ಹೇಳಿಕೊಡಿ, ಮೋಸಗಾರರು ಹುಡುಕುವುದೇ ಅವರನ್ನು.

ಆರಿಸಿದ ಮೇಲೆ ಮೊದಲು ತೀರಾ ಸಣ್ಣ ಮೊತ್ತ ಕಳಿಸಿ. ಮೆಸೇಜ್ ಬಂತು ಅಂದರೆ ಸಾಲದು, ಅವರು ಹೋಗಿ ನಗದು ತೆಗೆದು ನೋಡಲಿ. ಅದಕ್ಕೂ ಮುಂಚೆ ಸಹಾಯವಾಣಿಗೆ ಒಮ್ಮೆ ಫೋನ್ ಮಾಡಿ, ತಪ್ಪು ನಂಬರ್‌ಗೆ ಹೋದರೆ ಎಷ್ಟು ಹೊತ್ತಿನೊಳಗೆ ತಿಳಿಸಬೇಕು, ವಾಪಸ್ ಹೇಗೆ ಬರುತ್ತದೆ ಅಂತ ಕೇಳಿಟ್ಟುಕೊಳ್ಳಿ. ದೂರು ಕೊಡುವಾಗ ವಹಿವಾಟಿನ ನಂಬರ್ ಕೇಳುತ್ತಾರೆ, ಆ ಮೆಸೇಜ್ ಅಳಿಸಬೇಡಿ.