ಕಾಳಿ ಅಳಿವೆಯ ಏಡಿಗೆ ಸಿಹಿನೀರಿನ ಮದ್ದು

ಉಪ್ಪುನೀರಿನ ಏಡಿಯನ್ನು ಸಿಹಿನೀರಿಗೆ ಹಾಕಿದರೆ ಸತ್ತೇ ಹೋಗ್ತದೆ ಅಂತ ನನಗೆ ಹೇಳದವರಿಲ್ಲ. ಮಾವನೂ ಹೇಳಿದ್ದರು. ಈ ಸಲ ತಂದ 60-65 ಕೆಸರೇಡಿಗಳನ್ನು ಉಪ್ಪಿಳಿಸಿದ ನೀರಲ್ಲಿಟ್ಟರೂ ಸತ್ತದ್ದು ನಾಲ್ಕೋ ಐದೋ ಅಷ್ಟೇ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ವರ್ಷ ಅಳಿವೆ ಬಾಯಲ್ಲಿ ಹಿಡಿದವನ್ನು ಕೊಂಡು ನೇರ ಕೊಳಕ್ಕೆ ಬಿಟ್ಟಿದ್ದೆ. ಮೂರು ವಾರದಲ್ಲಿ ಅರ್ಧಕ್ಕರ್ಧ ಹೋದವು. ಹತ್ತಿರ ಹತ್ತಿರ 18 ಸಾವಿರ ರೂಪಾಯಿ ನೀರುಪಾಲು. ಮೇವು ಬದಲಿಸಿದೆ, ನೀರು ಬದಲಿಸಿದೆ, ಏನೂ ಆಗಲಿಲ್ಲ. ಕೊನೆಗೊಂದು ದಿನ ಸತ್ತ ಏಡಿಯ ಚಿಪ್ಪೆತ್ತಿ ನೋಡಿದೆ. ಕಿವಿರು ತುಂಬ ಬಿಳಿ ಬಿಳಿ ಕಾಳು, ಪ್ರತಿಯೊಂದಕ್ಕೂ ಒಂದು ತೊಟ್ಟು. ಮೊಳಕೆ ಬಂದ ಎಳ್ಳು ಮೆತ್ತಿದ ಹಾಗೆ. ಹುಳ ಅಂದುಕೊಂಡಿದ್ದೆ. ಹುಳವಲ್ಲ, ದೋಣಿ ತಳಕ್ಕೆ ಅಂಟುವ ಬಾರ್ನಾಕಲ್ ಜಾತಿಯದೇ, ಆಕ್ಟೋಲಾಸ್ಮಿಸ್. ಅದು ಏಡಿಯ ರಕ್ತ ಹೀರುವುದಿಲ್ಲ, ಕಿವಿರಿನಲ್ಲಿ ಜಾಗ ಹಿಡಿದು ಉಸಿರು ಕಟ್ಟಿಸುತ್ತದೆ. ಸುಸ್ತಾದ ಏಡಿಗೆ ಆಮೇಲೆ ಬ್ಯಾಕ್ಟೀರಿಯಾ ಹತ್ತುತ್ತದೆ.

ಮಳೆಗಾಲದಲ್ಲಿ ಹೊಳೆ ನೀರು ಸಿಹಿಯಾದಾಗ ಮೇಲ್ಗಡೆ ಸಿಕ್ಕ ಏಡಿಗಳ ಕಿವಿರು ಶುಭ್ರವಾಗಿರುತ್ತಿತ್ತು. ಅಲ್ಲೇ ನನಗೆ ಹೊಳೆದದ್ದು. ಈಗ ತಂದ ಏಡಿ ಮೊದಲು ಟಬ್ಬಿಗೆ. ಉಪ್ಪನ್ನು ಮೆಲ್ಲಗೆ ಇಳಿಸುತ್ತಾ 5 ಪಿಪಿಟಿ (ಸಾವಿರ ಪಾಲು ನೀರಲ್ಲಿ ಐದು ಪಾಲು ಉಪ್ಪು) ಹತ್ತಿರ ತಂದು ಮೂರು ದಿನ ಇಡುತ್ತೇನೆ. ಒಮ್ಮೆಗೇ ಇಳಿಸಿ ಎಂಟು ಏಡಿ ಕಳೆದುಕೊಂಡಿದ್ದೇನೆ. ಯಾವ ಹೊತ್ತಿಗೆ ಎಷ್ಟು ಇಳಿಸಬೇಕು ಅನ್ನೋದು ಎರಡು ವರ್ಷದ ನನ್ನ ಲೆಕ್ಕ, ಅದು ನನ್ನ ಹತ್ತಿರವೇ ಇರಲಿ. ಆಮೇಲೆ ಒಂದೆರಡನ್ನು ಕೊಯ್ದು ಲೆನ್ಸಿನಲ್ಲಿ ನೋಡಿದೆ. ಕಾಳುಗಳು ಅಂಟಿಕೊಂಡೇ ಇದ್ದವು, ಆದರೆ ಸತ್ತಿದ್ದವು, ಒಂದೂ ಮಿಸುಕಲಿಲ್ಲ.

ಆಗಷ್ಟೇ ಚಿಪ್ಪು ಕಳಚಿದ ಏಡಿಗೆ ಇದು ಬೇಕಿಲ್ಲ. ಕಿವಿರಿನ ಮೇಲ್ಪೊರೆಯೂ ಚಿಪ್ಪಿನ ಜೊತೆಗೇ ಕಳಚುತ್ತದೆ. ಬಿಟ್ಟ ಚಿಪ್ಪಿನೊಳಗೆ ನೋಡಿ, ಕಾಳುಗಳೆಲ್ಲ ಅಲ್ಲೇ ಇರುತ್ತವೆ.

ಗಾಯದ್ದು ಇನ್ನೊಂದು ತಲೆನೋವು. ಬಲೆಯಿಂದ ಬಿಡಿಸುವಾಗ ಅರ್ಧ ಮುರಿದ ಕಾಲಿನ ಅಂಚು ಕಪ್ಪಾಗಿ, ಚಿಪ್ಪು ತೂತು ಬೀಳುತ್ತದೆ. ಅರಿಶಿನ ಮೆತ್ತಿ ನೋಡಿದೆ, ನೀರು ಹಳದಿಯಾಯಿತು, ಗಾಯ ಹಾಗೇ ಇತ್ತು. ಈಗ ಮುರಿದ ಕಾಲನ್ನು ನಾನು ಕೀಳುವುದಿಲ್ಲ. ಸ್ವಲ್ಪ ಒತ್ತಿದರೆ ಏಡಿಯೇ ಬುಡದ ಹತ್ತಿರ ಉದುರಿಸುತ್ತದೆ. ಅಲ್ಲಿ ಪೊರೆ ಇದೆ, ರಕ್ತ ತಕ್ಷಣ ನಿಲ್ಲುತ್ತದೆ. ಒಂದು ಕಾಲು ಹೋದರೆ ಹೋಗಲಿ, ಏಡಿ ಉಳಿಯಿತಲ್ವಾ?

ಸಮುದ್ರದ ಏಡಿಗಳಲ್ಲಿ ಸ್ಯಾಕ್ಯುಲಿನ ಅನ್ನುವ ಪರಾವಲಂಬಿ ಬಂದರೆ ಮಾತ್ರ ಯಾವ ಮದ್ದೂ ಇಲ್ಲ. ಹೊಟ್ಟೆ ಮಡಿಕೆ ಕೆಳಗೆ ನಯವಾದ ಹಳದಿ ಚೀಲ ಕಂಡರೆ ಮೊಟ್ಟೆ ಅಂತ ಮೋಸಹೋಗಬೇಡಿ. ಮೊಟ್ಟೆಯಾದರೆ ಕಾಳು ಕಾಳಾಗಿ ಗೊಂಚಲಲ್ಲಿರುತ್ತದೆ. ಈ ಚೀಲದ ಬೇರು ಮೈಯೆಲ್ಲ ಹಬ್ಬಿರುತ್ತದೆ, ಗಂಡೇಡಿಯ ಹೊಟ್ಟೆ ಮಡಿಕೆಯೂ ಹೆಣ್ಣಿನಂತೆ ಅಗಲವಾಗುತ್ತದೆ. ನಾನು ಅಂಥದ್ದನ್ನು ಮತ್ತೆ ನೀರಿಗೆ ಬಿಡುವುದಿಲ್ಲ, ತೆಂಗಿನ ಬುಡದಲ್ಲಿ ಹೂಳುತ್ತೇನೆ.

ಒಂದು ಮರೆತೆ. ಮೂರು ಚುಕ್ಕೆಯ ಕಡಲೇಡಿಗೆ ಈ ಸಿಹಿನೀರು ಬೇಡವೇ ಬೇಡ. ಅದು ಕೆಸರೇಡಿಯಲ್ಲ, ತಡೆಯುವುದಿಲ್ಲ. ಆಸೆಗೆ ಬಿದ್ದು 11 ಹಾಕಿದ್ದೆ. ಬೆಳಗಾಗುವಷ್ಟರಲ್ಲಿ ಹನ್ನೊಂದೂ ಅಂಗಾತ ಬಿದ್ದಿದ್ದವು.