ಲಾಂಗ್ ಆರ್ಮ್ ಮೆಷಿನ್‌ನಲ್ಲಿ ಮೊದಲ ಸಲ ಕ್ವಿಲ್ಟ್ ಹೊಲಿಯೋರಿಗೆ

ಧಾರವಾಡದ ಕಡೆ ಅಜ್ಜಿ ಕೌದಿ ಹೊಲಿಯೋದನ್ನ ನೋಡ್ಕೊಂಡೇ ಬೆಳೆದವಳು ನಾನು. ಹಳೇ ಸೀರೆ, ಧೋತರ ಎಲ್ಲಾ ಪದರ ಪದರವಾಗಿ ಹಾಸಿ, ಮಧ್ಯಾಹ್ನ ಊಟ ಆದ್ಮೇಲೆ ಕೂತರೆ ಸಂಜೆ ದೀಪ ಹಚ್ಚೋವರೆಗೂ ಸೂಜಿ ಕೆಳಗಿಡ್ತಿರಲಿಲ್ಲ. ಇಲ್ಲಿ ಅಮೆರಿಕಾಕ್ಕೆ ಬಂದು ಕ್ವಿಲ್ಟ್ ಕಲಿಯೋಕೆ ಹೋದಾಗ ಅದೂ ಅದೇ ಲೆಕ್ಕ, ಮೇಲೆ ತುಂಡು ಜೋಡಿಸಿದ ಟಾಪ್, ನಡುವೆ ಬ್ಯಾಟಿಂಗ್ ಅನ್ನೋ ಹತ್ತಿಯ ಮೆತ್ತನೆ ಪದರ, ಕೆಳಗೆ ಬ್ಯಾಕಿಂಗ್ ಅನ್ನೋ ಹಿಂಬದಿ ಬಟ್ಟೆ. ಟಾಪ್ ಏನೋ ಮನೆ ಮೆಷಿನ್‌ನಲ್ಲೇ ಆಗ್ಬಿಡುತ್ತೆ, ಆದ್ರೆ ಮೂರೂ ಪದರ ಸೇರಿಸಿ ಹೊಲಿಯೋವಾಗ ಡಬಲ್ ಬೆಡ್ ಹೊದಿಕೆನ ಸುರುಳಿ ಸುತ್ತಿ ಆ ಪುಟ್ಟ ಮೆಷಿನ್ ಒಳಗೆ ತೂರಿಸಿ ಎಳೆದಾಡೋದ್ರಲ್ಲಿ ಭುಜ ಹಿಡ್ಕೊಂಡ್ಬಿಡುತ್ತೆ. ಲಾಂಗ್ ಆರ್ಮ್‌ನಲ್ಲಿ ಇದೆಲ್ಲಾ ಉಲ್ಟಾ. ಬಟ್ಟೆ 10-12 ಅಡಿ ಫ್ರೇಮ್ ಮೇಲೆ ಅಲ್ಲಾಡದೆ ಇರುತ್ತೆ, ಮೆಷಿನ್ನೇ ಹಳಿ ಮೇಲೆ ಓಡುತ್ತೆ, ನೀವು ಎರಡು ಹಿಡಿಕೆ ಹಿಡ್ಕೊಂಡು ಅದನ್ನ ಓಡಿಸ್ತೀರಿ.

ಮೆಷಿನ್ ಕೊಳ್ಳೋ ಯೋಚನೆ ಈಗ್ಲೇ ಬೇಡ, ಅದು ಕಾರಿನ ರೇಟಿಗೆ ಹೋಗುತ್ತೆ. ಎಷ್ಟೋ ಕ್ವಿಲ್ಟ್ ಅಂಗಡಿಗಳಲ್ಲಿ ಒಂದು ಕ್ಲಾಸ್ ಮಾಡ್ಕೊಂಡ್ರೆ ಆಮೇಲೆ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಕೊಡ್ತಾರೆ.

ಅಂಗಡಿಗೆ ಹೋಗೋ ಮುಂಚೆ ಮನೇಲೇ ಮಾಡೋ ಕೆಲಸ ಇದೆ. ಬ್ಯಾಕಿಂಗು ಬ್ಯಾಟಿಂಗು ಎರಡೂ ಟಾಪ್‌ಗಿಂತ ನಾಲ್ಕೂ ಕಡೆ 4 ಇಂಚು ಜಾಸ್ತಿ ಇರಲಿ. ಟಾಪ್ ಹಿಂದೆ ನೇತಾಡೋ ದಾರ ಎಲ್ಲಾ ಕತ್ತರಿಸಿ, ಬಿಳಿ ಬಟ್ಟೆ ಕೆಳಗೆ ಒಂದು ಕಪ್ಪು ದಾರ ಉಳಿದ್ರೂ ಹೊರಗೆ ಕಾಣುತ್ತೆ, ಆಮೇಲೆ ತೆಗೆಯೋಕೆ ಆಗಲ್ಲ. ಬ್ಯಾಕಿಂಗ್‌ನ ಮೂಲೆಗಳು ಸರಿಯಾಗಿ ಚೌಕಾಗಿರಬೇಕು, ಇಲ್ಲಾಂದ್ರೆ ಫ್ರೇಮ್‌ನ ರೋಲರ್‌ಗೆ ಸುತ್ತಿದಾಗ ಒಂದು ಕಡೆ ಜೋತುಬಿದ್ದು ನೆರಿಗೆ ಬರುತ್ತೆ. ಫ್ರೇಮ್‌ಗೆ ಹಾಕೋವಾಗ ಬಟ್ಟೆನ ತಬಲದ ಥರ ಬಿಗೀಬೇಡಿ. ಕೆಳಗಿಂದ ಒಂದು ಬೆರಳು ಮೇಲಕ್ಕೆ ಒತ್ತಿದ್ರೆ, ಮೇಲಿನ ಕೈಯಿಂದ ಬಟ್ಟೆ ಸಮೇತ ಆ ಬೆರಳು ಹಿಡಿಯೋಕೆ ಬರಬೇಕು, ಅಷ್ಟು ಸಡಿಲ ಸಾಕು.

ಇನ್ನು ಟೆನ್ಷನ್, ಅಂದ್ರೆ ದಾರದ ಬಿಗಿ. ನನ್ನ ಪ್ರಕಾರ ಇಡೀ ವಿದ್ಯೆಯಲ್ಲಿ ಅರ್ಧ ಇದೇನೆ. ಮೊದ್ಲು ಬಾಬಿನ್ ಕೇಸಿನ, ಅಂದ್ರೆ ಕೆಳಗಿನ ದಾರದ ಉರುಳೆ ಕೂರೋ ಡಬ್ಬಿಯ, ದಾರ ಹಿಡ್ಕೊಂಡು ಕೇಸನ್ನ ಗಾಳೀಲಿ ನೇತಾಡಿಸಿ, ಮೆಲ್ಲಗೆ ಕುಲುಕಿದ್ರೆ ಜೇಡ ಇಳಿದಂಗೆ ಒಂಚೂರು ಇಳಿದು ನಿಲ್ಲಬೇಕು. ಸರ್ರಂತ ಇಳಿದ್ರೆ ಸಡಿಲ, ಇಳಿಯದೇ ಹೋದ್ರೆ ಬಿಗಿ. ಅದು ಸರಿಯಾದ್ಮೇಲೇನೇ ಮೇಲಿನ ದಾರದ ತಿರುಪು ಮುಟ್ಟಿ. ಆಮೇಲೆ ಅಂಚಿನ ಆ ಜಾಸ್ತಿ 4 ಇಂಚಲ್ಲಿ ದೊಡ್ಡ ದೊಡ್ಡ ಸುರುಳಿ ಹೊಲಿದು ನೋಡಿ, ಯಾಕಂದ್ರೆ ನೇರ ಗೆರೇಲಿ ಎಲ್ಲಾ ಚೆನ್ನಾಗೇ ಕಾಣುತ್ತೆ, ತಪ್ಪು ಗೊತ್ತಾಗೋದು ತಿರುವಲ್ಲಿ. ನನ್ನ ಮೊದಲ ಕ್ವಿಲ್ಟ್‌ನಲ್ಲಿ ನಾನು ಕೆಳಗೆ ಬಗ್ಗಿ ನೋಡಲೇ ಇಲ್ಲ, ಹೊಲಿದ ಭಾಗನ ಮೂರು ಸಲ ರೋಲ್ ಮಾಡಿ ಮುಂದೆ ಹೋದ್ಮೇಲೆ ನೋಡಿದ್ರೆ ಹಿಂದೆ ಪ್ರತಿ ತಿರುವಲ್ಲೂ ರೆಪ್ಪೆಕೂದಲಿನ ಥರ ಮೇಲಿನ ದಾರ ಎಳಕೊಂಡು ನಿಂತಿತ್ತು, ಎರಡು ಸಂಜೆ ಕೂತು ಒಂದೊಂದೇ ಹೊಲಿಗೆ ಬಿಚ್ಚಿದೆ. ಈಗ ಪ್ರತಿ ಸಲ ರೋಲ್ ಮಾಡೋ ಮುಂಚೆ ಮೊಬೈಲ್ ಟಾರ್ಚ್ ಹಾಕಿ ಕೆಳಗೆ ನೋಡ್ತೀನಿ.

ಶುರು ಮಾಡೋವಾಗ ಬಾಬಿನ್ ದಾರನ ಮೇಲಕ್ಕೆ ಎಳಕೊಳ್ಳಿ, ಅಲ್ಲೇ ನಾಲ್ಕೈದು ಸಣ್ಣ ಹೊಲಿಗೆ ಹಾಕಿ ಗಟ್ಟಿ ಮಾಡಿ. ಸ್ಟಿಚ್ ರೆಗ್ಯುಲೇಟರ್ ಇದ್ರೆ ಇಂಚಿಗೆ 10 ಹೊಲಿಗೆ ಇಡಿ, ಕೈ ನಿಧಾನ ಆಗಲಿ ಜೋರಾಗಲಿ ಹೊಲಿಗೆ ಒಂದೇ ಅಳತೆ ಬರುತ್ತೆ. ಹಳಿಯಾಳ, ಯಲ್ಲಾಪುರದ ಸಿದ್ದಿ ಹೆಂಗಸರು ಕೌದಿನ ಅಂಚಿನಿಂದ ಸುತ್ತ ಹೊಲ್ಕೊಂಡು ನಡುವಿಗೆ ಬರ್ತಾರೆ, ಇಲ್ಲಿ ಹಂಗೆ ಆಗಲ್ಲ, ಮೆಷಿನ್ ತೋಳಿಗೆ ಎಟುಕುವಷ್ಟು ಅಗಲದ ಪಟ್ಟಿ ಮುಗಿಸಿ, ರೋಲ್ ಮಾಡಿ, ಮುಂದಿನ ಪಟ್ಟಿಗೆ ಹೋಗೋದು.

ಮೊದಲ ಡಿಸೈನ್ ಆಗಿ ದಾರಿ ತಪ್ಪಿದ ಬಳ್ಳಿ ಥರ ಅಡ್ಡಾಡೋ ಗೆರೆ ತಗೊಳ್ಳಿ, ಅದನ್ನ ಮೀಯಾಂಡರ್ ಅಂತಾರೆ. ಮನೇಲಿ ಪೇಪರ್ ಮೇಲೆ ಕೈ ಎತ್ತದೆ ಬರೆದು ಬರೆದು ರೂಢಿ ಮಾಡ್ಕೊಳ್ಳಿ. ಎಳೆ ರಂಗೋಲಿ ಹಾಕಿ ಗೊತ್ತಿರೋರಿಗೆ ಇದು ಬೇಗ ಬರುತ್ತೆ, ಎಳೆ ಎಲ್ಲಿ ತಿರುಗಬೇಕು ಅಂತ ಕೈಗೆ ಮೊದ್ಲೇ ಗೊತ್ತಿರುತ್ತೆ. ಕಣ್ಣು ಸೂಜಿ ಮೇಲೆ ಬೇಡ, ಮುಂದೆ ಹೋಗೋ ಜಾಗದ ಮೇಲಿರಲಿ. ಹಿಡಿಕೆನ ಗಟ್ಟಿಯಾಗಿ ಹಿಡಿದಷ್ಟೂ ಗೆರೆ ಮುರುಕಲಾಗುತ್ತೆ, ಭುಜ ಇಳಿಬಿಟ್ಟು ಉಸಿರಾಡ್ತಾ ಓಡಿಸಿ. ಒಂದು ಗಂಟೆ ಆದ್ಮೇಲೆ ಒಂದು ಕ್ಷಣ ಬರುತ್ತೆ ನೋಡಿ, ಮೆಷಿನ್ ಭಾರ ಅನ್ನೋದೇ ಮರೆತುಹೋಗಿ ಸುರುಳಿಗಳು ತಾವೇ ಬರ್ತಾ ಇರ್ತಾವೆ, ಆ ಖುಷಿಗೋಸ್ಕರನೇ ನಾನು ಮತ್ತೆ ಮತ್ತೆ ಬಾಡಿಗೆ ಕಟ್ಟಿ ಹೋಗೋದು.

ಮುಗಿದ್ಮೇಲೆ ಅಂಚು ಕತ್ತರಿಸಿ, ಸುತ್ತ ಬೈಂಡಿಂಗ್ ಪಟ್ಟಿ ಹಾಕಿ, ಒಂದು ಸಲ ಒಗೀರಿ. ಹತ್ತಿ ಬ್ಯಾಟಿಂಗ್ ಸ್ವಲ್ಪ ಕುಗ್ಗಿ ಬಟ್ಟೆ ಪೂರ್ತಿ ಮೆತ್ತನೆ ಸುಕ್ಕು ಬರುತ್ತೆ. ನನ್ನದು ಡ್ರೈಯರ್‌ನಿಂದ ತೆಗೆದಾಗ ಕೈಗೆ ಹತ್ತಿದ್ದು ಅಜ್ಜಿ ಕೌದಿಯ ಅದೇ ಉಬ್ಬು ತಗ್ಗು.