ನಿಧಾನಕ್ಕೆ ಕಾಕ್ ಮಾಡಿದರೆ ಸಿಲಿಂಡರಿನ ದೋಷ ಗೊತ್ತಾಗುತ್ತದೆ

ನನ್ನ ಹತ್ತಿರ ಇರುವುದು 1860ರ ಕೋಲ್ಟ್ ಆರ್ಮಿ ರಿವಾಲ್ವರಿನ ನಕಲು. .44 ಕ್ಯಾಲಿಬರ್, ಇಟಲಿಯಲ್ಲಿ ತಯಾರಾದದ್ದು. ಇಲ್ಲಿ ಓಹಾಯೋದ ರೇಂಜಿನಲ್ಲಿ ಒಂದು ದಿನ ಗುಂಡು ಹಾರಿಸುವಾಗ ಪಕ್ಕಕ್ಕೆ ಸೀಸದ ಚೂರು ಸಿಡಿಯತೊಡಗಿತು. ಚೇಂಬರ್, ಅಂದರೆ ಸಿಲಿಂಡರಿನಲ್ಲಿ ಮದ್ದು ಗುಂಡು ತುಂಬುವ ತೂತು, ಬ್ಯಾರಲ್ಲಿಗೆ (ನಳಿಗೆಗೆ) ನೇರವಾಗಿ ನಿಲ್ಲದಿದ್ದರೆ ಗುಂಡು ಒಂದು ಕಡೆ ಉಜ್ಜಿಕೊಂಡೇ ಒಳಗೆ ಹೋಗುತ್ತದೆ, ಅದರ ಚೂರೇ ಇದು. ಕೂಡಲೇ ನಿಲ್ಲಿಸಿದೆ.

ಮನೆಯಲ್ಲಿ ಚೇಂಬರ್ ಎಲ್ಲ ಖಾಲಿ, ಅವುಗಳ ಹಿಂದಿನ ನಿಪ್ಪಲ್ ಮೇಲೆ ಕ್ಯಾಪ್ (ಮದ್ದಿಗೆ ಕಿಡಿ ಕೊಡುವ ಪುಟ್ಟ ಟೋಪಿ) ಇಲ್ಲ ಅಂತ ನೋಡಿಕೊಂಡು, ಮೊದಲು ಬಿಸಿನೀರು ಸೋಪಿನಲ್ಲಿ ತೊಳೆದೆ. ಕಪ್ಪು ಮದ್ದಿನ ಮಸಿ ಆರ್ಬರಿಗೆ, ಅಂದರೆ ಸಿಲಿಂಡರ್ ತಿರುಗುವ ಅಚ್ಚಿಗೆ, ಹಿಡಿದರೂ ಸಿಲಿಂಡರ್ ಪೂರ್ತಿ ತಿರುಗುವುದಿಲ್ಲ. ಆಮೇಲೆ ಚೇಂಬರುಗಳಿಗೆ ಮಾರ್ಕರಿನಲ್ಲಿ 1ರಿಂದ 6 ಬರೆದು, ಸಿಲಿಂಡರಿಗೆ ಬೆರಳು ಹಗುರವಾಗಿ ತಾಗಿಸಿ, ಕ್ಯಾಪಿಗೆ ಬಡಿಯುವ ಹ್ಯಾಮರನ್ನು ತುಂಬಾ ನಿಧಾನಕ್ಕೆ ಹಿಂದಕ್ಕೆ ಎಳೆದೆ, ಅಂದರೆ ಕಾಕ್ ಮಾಡಿದೆ. ಹೀಗೆ ಎಳೆದಂತೆ ಸಿಲಿಂಡರ್ ಮುಂದಿನ ಚೇಂಬರಿಗೆ ತಿರುಗುತ್ತದೆ. ಈ ನಿಧಾನವೇ ಮುಖ್ಯ. ಜೋರಾಗಿ ಎಳೆದರೆ ಸಿಲಿಂಡರ್ ತನ್ನ ವೇಗಕ್ಕೇ ಉರುಳಿ ಲಾಕ್ ಆಗಿಬಿಡುತ್ತದೆ, ದೋಷ ಮುಚ್ಚಿಹೋಗುತ್ತದೆ.

ಎರಡು ಚೇಂಬರಿನಲ್ಲಿ ಮಾತ್ರ ಹ್ಯಾಮರ್ ಪೂರ್ತಿ ಹಿಂದೆ ಬಂದರೂ ಬೋಲ್ಟ್ (ಸಿಲಿಂಡರಿನ ಹೊರಮೈಯ ನಾಚಿಗೆ, ಅಂದರೆ ಕಚ್ಚಿಗೆ, ಬಿದ್ದು ಅದನ್ನು ಲಾಕ್ ಮಾಡುವ ಚಿಲಕ) ಬೀಳಲಿಲ್ಲ. ಆರರಲ್ಲೂ ಹೀಗಾಗಿದ್ದರೆ ಸಿಲಿಂಡರನ್ನು ತಳ್ಳುವ ಹ್ಯಾಂಡ್ ಸವೆದಿದೆ ಅಥವಾ ಅದರ ಸ್ಪ್ರಿಂಗ್ ಸೋತಿದೆ ಅನ್ನಬಹುದಿತ್ತು. ಎರಡೇ ಅಂದರೆ ಸಿಲಿಂಡರನ್ನೇ ನೋಡಬೇಕು, ಅಲ್ವಾ? ಆ ಎರಡರಲ್ಲಿ ಬೆರಳಿನಿಂದ ಸ್ವಲ್ಪ ಮುಂದಕ್ಕೆ ತಳ್ಳಿ ನೋಡಿದೆ. ಹಾಗೆ ತಳ್ಳಿದಾಗ ಟಕ್ ಅಂತ ಲಾಕ್ ಆದರೆ ತಿರುಗುವುದು ಕಡಿಮೆ ಬಿದ್ದಿದೆ, ಸಿಲಿಂಡರಿನ ಹಿಂಬದಿಯಲ್ಲಿ ಹ್ಯಾಂಡ್ ತಳ್ಳುವ ರ‍್ಯಾಚೆಟ್ ಹಲ್ಲು ಸವೆದಿದೆ ಅಂತ ಲೆಕ್ಕ. ನನ್ನದರಲ್ಲಿ ತಳ್ಳಿದರೂ ಲಾಕ್ ಆಗಲಿಲ್ಲ. ಅಲ್ಲಿಗೆ ನಾಚಿನ ಮೇಲೇ ಅನುಮಾನ ಬಂತು.

ಬ್ಯಾರಲನ್ನು ಹಿಡಿದಿಡುವ ವೆಜ್ (ಬೆಣೆ) ತೆಗೆದು, ಬ್ಯಾರಲ್ ಬಿಚ್ಚಿ, ಸಿಲಿಂಡರನ್ನು ಭೂತಗನ್ನಡಿಯಲ್ಲಿ ನೋಡಿದೆ. ಬೋಲ್ಟ್ ಬಡಿದು ಬಡಿದು ಆ ಎರಡು ನಾಚಿನ ಅಂಚು ಒಳಕ್ಕೆ ಮಡಚಿಕೊಂಡಿತ್ತು, ಬಾಯಿ ಕಿರಿದಾಗಿ ಬೋಲ್ಟಿಗೆ ಜಾಗವೇ ಇರಲಿಲ್ಲ. ಎಣ್ಣೆ ಹಾಕಿದ ನಯವಾದ ಸಾಣೆಕಲ್ಲಿನಿಂದ ಮಡಚಿದ ಅಂಚನ್ನಷ್ಟೇ ತೆಗೆದೆ. ನಾಚಿನ ಗೋಡೆ ಮುಟ್ಟಲಿಲ್ಲ, ಅದು ಅಗಲವಾದರೆ ಸಿಲಿಂಡರ್ ಅಲ್ಲಾಡುತ್ತದೆ. ತುಂಬಾ ಜನ ಸುಮ್ನೆ ಹ್ಯಾಂಡಿಗೇ ಅರ ಹಾಕುತ್ತಾರೆ. ಅದು ನನಗೆ ಸರಿ ಕಾಣುವುದಿಲ್ಲ, ತೆಗೆದ ಲೋಹ ವಾಪಸ್ ಬರುವುದಿಲ್ಲ.

ಮತ್ತೆ ಜೋಡಿಸಿ, ಬ್ಯಾರಲ್ಲಿಗೆ ಸರಿಯಾಗಿ ಕೂರುವ ರೇಂಜ್ ರಾಡನ್ನು (ಚೇಂಬರ್ ನೇರವಾಗಿ ನಿಂತಿದೆಯೇ ಅಂತ ನೋಡುವ ಸರಳು) ತುದಿಯಿಂದ ಇಳಿಬಿಟ್ಟೆ. ಆರೂ ಚೇಂಬರಿಗೆ ತಡೆಯಿಲ್ಲದೆ ಇಳಿಯಿತು. ಬೋಲ್ಟಿನ ಕವಲು ಸ್ಪ್ರಿಂಗ್ ಮಾತ್ರ ಒಂದು ಜಾಸ್ತಿ ತಂದಿಟ್ಟುಕೊಂಡಿದ್ದೇನೆ. ಈ ಕೋಲ್ಟ್ ಮಾದರಿಗಳಲ್ಲಿ ಅದು ಮುರಿಯುವುದು ಮಾಮೂಲು.